ಮೊದಲು ವೇಳಾಪಟ್ಟಿ, ಆಮೇಲೆ ಹಳಿ: ಸ್ವಿಸ್ ರೈಲಿನ ಕಥೆ

ಊರಿಂದ ಯಾರೇ ಬಂದರೂ ಒಂದೆರಡು ದಿನದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಇವರ ರೈಲು ಹೇಗೆ ಇಷ್ಟು ಸರಿಯಾಗಿ ಓಡುತ್ತೆ? ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ: ಗಡಿಯಾರ ಮಾಡೋ ಜನ ಅಲ್ವಾ, ಶಿಸ್ತು ರಕ್ತದಲ್ಲೇ ಇದೆ. ನಾನು ಸ್ವಿಟ್ಜರ್‌ಲೆಂಡ್‌ನ ಜ್ಯೂರಿಕ್ ಪಕ್ಕ ಇರುವವನು, ದಿನಾ ಇದೇ ರೈಲಿನಲ್ಲಿ ಕೆಲಸಕ್ಕೆ ಹೋಗುವವನು. ಈ ಉತ್ತರ ಕೇಳಿದಾಗಲೆಲ್ಲ ಸ್ವಲ್ಪ ಕಿರಿಕಿರಿ ಆಗುತ್ತದೆ. ರಕ್ತದಲ್ಲಿ ಏನೂ ಇಲ್ಲ. ಇದೇ ಜನ 19ನೇ ಶತಮಾನದಲ್ಲಿ ತಮ್ಮ ರೈಲನ್ನು ಚೆನ್ನಾಗಿಯೇ ಗೋಜಲು ಮಾಡಿಕೊಂಡಿದ್ದರು. ಐದು ದೊಡ್ಡ ಖಾಸಗಿ ಕಂಪನಿ, ಒಂದಕ್ಕೊಂದು ಜಗಳ, ಮೇಲೆ ಸಾಲ. ಈಗ ನಾವು ನೋಡುತ್ತಿರುವುದು ಆಮೇಲೆ ಕೂತು ಲೆಕ್ಕ ಹಾಕಿ, ಮತ ಹಾಕಿ, ದುಡ್ಡು ಸುರಿದು ಕಟ್ಟಿದ ವ್ಯವಸ್ಥೆ. ಅದರ ಕಥೆ ಹೇಳಬೇಕು ಅಂತ ಬಹಳ ದಿನದಿಂದ ಇತ್ತು.

ಸ್ವಿಸ್ ಫೆಡರಲ್ ರೈಲ್ವೆ. ಇಂಜಿನ್ ಮೇಲೆ ಮೂರು ಹೆಸರು ಇರುತ್ತದೆ: ಜರ್ಮನ್‌ನಲ್ಲಿ ಎಸ್‌ಬಿಬಿ, ಫ್ರೆಂಚ್‌ನಲ್ಲಿ ಸಿಎಫ್‌ಎಫ್, ಇಟಾಲಿಯನ್‌ನಲ್ಲಿ ಎಫ್‌ಎಫ್‌ಎಸ್. ನಾವು ಎಸ್‌ಬಿಬಿ ಅನ್ನೋಣ. ಇದರ ಹಳಿ ಸುಮಾರು 3,200 ಕಿಲೋಮೀಟರ್. ಉದ್ದದಲ್ಲಿ ಹೆಚ್ಚುಕಡಿಮೆ ಕರ್ನಾಟಕದ ಒಟ್ಟು ರೈಲು ಹಳಿಯಷ್ಟೇ. ಆದರೆ ಕರ್ನಾಟಕ ಈ ದೇಶಕ್ಕಿಂತ ನಾಲ್ಕೂವರೆ ಪಟ್ಟು ದೊಡ್ಡದು. ಮೇಲಿಂದ ಇಲ್ಲಿ ಎಸ್‌ಬಿಬಿ ಒಂದೇ ಅಲ್ಲ. ಬಿಎಲ್‌ಎಸ್, ರೇಟಿಯನ್ ರೈಲ್ವೆ, ಹೀಗೆ ಹತ್ತಾರು ಬೇರೆ ಕಂಪನಿಗಳಿವೆ. ಎಲ್ಲ ಸೇರಿದರೆ 5,000 ಕಿಲೋಮೀಟರ್ ದಾಟುತ್ತದೆ. ಎಸ್‌ಬಿಬಿ ಗಾಡಿಗಳಲ್ಲೇ ದಿನಕ್ಕೆ 13 ಲಕ್ಷಕ್ಕೂ ಹೆಚ್ಚು ಜನ ಓಡಾಡುತ್ತಾರೆ. ಇಡೀ ದೇಶದ ಜನಸಂಖ್ಯೆಯೇ 90 ಲಕ್ಷ.

ಶುರುವಾದದ್ದು ತಡವಾಗಿ. ಸುತ್ತಮುತ್ತಲ ದೇಶಗಳಲ್ಲಿ ರೈಲು ಓಡಾಡುತ್ತಿದ್ದಾಗ ಇಲ್ಲಿ ಕ್ಯಾಂಟನ್‌ಗಳು, ಅಂದರೆ ಇಲ್ಲಿನ ರಾಜ್ಯಗಳು, ಪರಸ್ಪರ ಮುಖ ತಿರುಗಿಸಿಕೊಂಡು ಕೂತಿದ್ದವು. 1844ರಲ್ಲಿ ಬಾಸೆಲ್ ಊರಿಗೆ ರೈಲು ಬಂತು. ಆದರೆ ಅದು ಫ್ರಾನ್ಸ್ ಕಡೆಯಿಂದ ಗಡಿ ದಾಟಿ ಬಂದ ಹಳಿ. ಪೂರ್ತಿ ಸ್ವಿಸ್ ನೆಲದ ಮೇಲೆ ಮೊದಲ ಗಾಡಿ ಓಡಿದ್ದು 1847ರ ಆಗಸ್ಟ್ 9ರಂದು, ಜ್ಯೂರಿಕ್‌ನಿಂದ ಬಾಡೆನ್‌ಗೆ. ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೇ. ಜನ ಅದಕ್ಕೆ ಒಂದು ತಿಂಡಿಯ ಹೆಸರಿಟ್ಟರು. ಬಾಡೆನ್‌ನಲ್ಲಿ ಸ್ಪಾನಿಷ್ ಬ್ರ್ಯೋಟ್ಲಿ ಅನ್ನುವ ಪದರ ಪದರವಾದ ಬೆಣ್ಣೆ ತಿಂಡಿ ಸಿಗುತ್ತಿತ್ತು. ಜ್ಯೂರಿಕ್‌ನ ಸಾಹುಕಾರರು ಬೆಳಗಿನ ತಿಂಡಿಗೆ ಅದನ್ನು ತರಿಸಲು ಆಳುಗಳನ್ನು ರಾತ್ರಿಯೇ ನಡೆಸಿ ಕಳಿಸುತ್ತಿದ್ದರಂತೆ. ರೈಲು ಬಂದ ಮೇಲೆ ಬಿಸಿ ಆರುವ ಮೊದಲೇ ತಿಂಡಿ ತಟ್ಟೆಗೆ ಬಂತು, ಗಾಡಿಗೆ ಅದೇ ಹೆಸರು ಅಂಟಿಕೊಂಡಿತು.

1852ರಲ್ಲಿ ಒಂದು ಕಾನೂನು ಬಂತು. ರೈಲು ಕಟ್ಟುವುದು, ನಡೆಸುವುದು ಎಲ್ಲ ಖಾಸಗಿಯವರ ಕೆಲಸ, ಪರವಾನಗಿ ಕೊಡುವುದು ಕ್ಯಾಂಟನ್‌ಗಳ ಕೆಲಸ. ಆಮೇಲಿನ ಮೂವತ್ತು ವರ್ಷ ಅಲ್ಫ್ರೆಡ್ ಎಶರ್ ಅನ್ನುವವನ ಕಾಲ. ಜ್ಯೂರಿಕ್ ಮುಖ್ಯ ನಿಲ್ದಾಣದ ಎದುರು ಕಾರಂಜಿಯ ಮೇಲೆ ನಿಂತಿರುವ ವಿಗ್ರಹ ಇವನದೇ. ನಾರ್ಡೋಸ್ಟ್‌ಬಾನ್ ಅನ್ನುವ ರೈಲು ಕಂಪನಿಯ ಹಿಂದೆ ಇವನು. ಅದಕ್ಕೆ ದುಡ್ಡು ಬೇಕು ಅಂತ 1856ರಲ್ಲಿ ಒಂದು ಬ್ಯಾಂಕನ್ನೇ ಕಟ್ಟಿದ. ಅದೇ ಮುಂದೆ ಕ್ರೆಡಿಟ್ ಸ್ವಿಸ್ ಆಯಿತು, 2023ರಲ್ಲಿ ಮುಳುಗಿ ಇನ್ನೊಂದು ಬ್ಯಾಂಕಿನ ಪಾಲಾಯಿತು. ಜ್ಯೂರಿಕ್‌ನ ತಾಂತ್ರಿಕ ವಿದ್ಯಾಪೀಠ ಹುಟ್ಟಿದ್ದರಲ್ಲೂ ಇವನ ಕೈ ಇದೆ. ಸಂಸತ್ತಿನಲ್ಲೂ ಇವನೇ, ಕಂಪನಿಯಲ್ಲೂ ಇವನೇ, ಬ್ಯಾಂಕಿನಲ್ಲೂ ಇವನೇ. ಇವತ್ತು ಯಾರಾದರೂ ಹೀಗೆ ಮಾಡಿದರೆ ಸುಮ್ನೆ ಬಿಡುತ್ತಾರಾ?

ಗೊಟ್ಹಾರ್ಡ್ ಸುರಂಗ ಎಶರ್‌ನ ಕನಸೂ ಹೌದು, ಅವನನ್ನು ಕೆಡವಿದ್ದೂ ಅದೇ. ಆಲ್ಪ್ಸ್ ಪರ್ವತದ ಅಡಿಯಲ್ಲಿ 15 ಕಿಲೋಮೀಟರ್ ಕೊರೆಯಬೇಕು. ಉತ್ತರದ ಬಾಯಿ ಗ್ಯೋಶೆನೆನ್, ದಕ್ಷಿಣದ ಬಾಯಿ ಐರೋಲೊ. 1872ರಲ್ಲಿ ಕೆಲಸ ಶುರು. ಗುತ್ತಿಗೆ ಹಿಡಿದವನು ಜಿನೀವಾದ ಲೂಯಿ ಫಾವ್ರ್. ಎಂಟು ವರ್ಷದಲ್ಲಿ ಮುಗಿಸುತ್ತೇನೆ, ತಡವಾದರೆ ದಂಡ ಕಟ್ಟುತ್ತೇನೆ ಅಂತ ಒಪ್ಪಿಕೊಂಡಿದ್ದ. ಕೆಲಸ ಮಾಡಿದವರಲ್ಲಿ ಬಹುಪಾಲು ಇಟಲಿಯ ಬಡ ಕೂಲಿಗಳು. ಒಳಗೆ ಕಾವು, ಡೈನಮೈಟ್ ಹೊಗೆ, ಮೊಣಕಾಲುದ್ದ ನೀರು, ಹೊಟ್ಟೆಗೆ ಕೊಕ್ಕೆಹುಳು. 1875ರಲ್ಲಿ ಅವರು ಮುಷ್ಕರ ಹೂಡಿದಾಗ ಗ್ಯೋಶೆನೆನ್‌ನಲ್ಲಿ ಗುಂಡು ಹಾರಿಸಿ ನಾಲ್ವರನ್ನು ಕೊಂದರು. ಕೆಲಸದಲ್ಲಿ ಅಪಘಾತವಾಗಿ ಸತ್ತವರು ಸರ್ಕಾರಿ ಲೆಕ್ಕದಲ್ಲೇ ಇನ್ನೂರರ ಹತ್ತಿರ. ಆಮೇಲೆ ಊರಿಗೆ ಹೋಗಿ ಕಾಯಿಲೆಯಲ್ಲಿ ಸತ್ತವರನ್ನು ಯಾರು ಎಣಿಸಿದರು? ಫಾವ್ರ್ ಕೂಡ 1879ರಲ್ಲಿ ಸುರಂಗದ ಒಳಗೇ ಎದೆ ಹಿಡಿದುಕೊಂಡು ಸತ್ತ. ಮುಂದಿನ ವರ್ಷ ಫೆಬ್ರವರಿ ಕೊನೆಗೆ ಎರಡೂ ಕಡೆಯ ಕೊರೆತ ಒಂದಾಯಿತು. ಆಗ ಆ ತೂತಿನಿಂದ ಮೊದಲು ದಾಟಿಸಿದ್ದು ಡಬ್ಬಿಯಲ್ಲಿಟ್ಟ ಅವನ ಚಿತ್ರವನ್ನು. ಎರಡು ಕೊರೆತಗಳ ನಡುವೆ ಬಂದ ವ್ಯತ್ಯಾಸ ಅಡ್ಡಕ್ಕೆ 33 ಸೆಂಟಿಮೀಟರ್, ಎತ್ತರದಲ್ಲಿ 5 ಸೆಂಟಿಮೀಟರ್. 1880ರ ಅಳತೆಯ ಉಪಕರಣ ಇಟ್ಟುಕೊಂಡು!

ಇಷ್ಟರಲ್ಲಿ ಖರ್ಚು ಕೈಮೀರಿತ್ತು. 1878ರಲ್ಲೇ ಎಶರ್ ಗೊಟ್ಹಾರ್ಡ್ ರೈಲು ಕಂಪನಿಯ ಮುಖ್ಯಸ್ಥನ ಸ್ಥಾನಕ್ಕೆ ರಾಜೀನಾಮೆ ಕೊಡಬೇಕಾಯಿತು. ಸುರಂಗ ಕೂಡಿದ ಸಂಭ್ರಮಕ್ಕೆ ಅವನನ್ನು ಕರೆಯಲೂ ಇಲ್ಲ. ಗೊಟ್ಹಾರ್ಡ್ ಹಳಿ ತೆರೆದ 1882ರ ವರ್ಷದ ಕೊನೆಗೆ ಸತ್ತುಹೋದ. ಏಳು ವರ್ಷ ಬಿಟ್ಟು ವಿಗ್ರಹ ನಿಲ್ಲಿಸಿದರು. ಅಂದ ಹಾಗೆ ನಮ್ಮ ಬೆಂಗಳೂರು–ಮೈಸೂರು ಮೀಟರ್‌ಗೇಜ್ ಹಳಿ ಮೈಸೂರು ಮುಟ್ಟಿದ್ದೂ 1882ರಲ್ಲೇ. ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ, ಆದರೆ ಇಸವಿ ಹೊಂದಿದ್ದು ನೋಡಿ ಖುಷಿಯಾಯಿತು.

ಸುರಂಗ ಬಂತು ಸರಿ. ಜನರಿಗೆ ಖಾಸಗಿ ಕಂಪನಿಗಳ ಮೇಲಿನ ಸಿಟ್ಟು ಕಡಿಮೆಯಾಗಲಿಲ್ಲ. ಷೇರುಗಳು ಯಾವ ದೇಶದವರ ಕೈಯಲ್ಲಿವೆಯೋ ಗೊತ್ತಿಲ್ಲ, ಸಾಗಣೆ ದರ ಕಂಪನಿ ಹೇಳಿದ್ದು, ಒಂದು ಕಂಪನಿಯ ಗಾಡಿಯಿಂದ ಇಳಿದರೆ ಇನ್ನೊಂದರ ಗಾಡಿ ಸಿಗುವ ಖಾತ್ರಿ ಇಲ್ಲ. 1891ರ ಜೂನ್‌ನಲ್ಲಿ ಬಾಸೆಲ್ ಹತ್ತಿರ ಮ್ಯುಂಶೆನ್‌ಸ್ಟೈನ್‌ನಲ್ಲಿ ತುಂಬಿದ ಗಾಡಿಯ ಕೆಳಗೆ ಸೇತುವೆ ಕುಸಿಯಿತು. 70ಕ್ಕೂ ಹೆಚ್ಚು ಜನ ಸತ್ತರು. ಸೇತುವೆ ಕಟ್ಟಿದ್ದು ಗುಸ್ತಾವ್ ಐಫೆಲ್‌ನ ಕಂಪನಿ, ಪ್ಯಾರಿಸ್ ಗೋಪುರದವನೇ. ಅದೇ ವರ್ಷ ಒಂದು ಕಂಪನಿಯನ್ನು ಸರ್ಕಾರ ಕೊಂಡುಕೊಳ್ಳುವ ಪ್ರಸ್ತಾಪ ಜನಮತಕ್ಕೆ ಬಂದಾಗ ಜನ ಬೇಡ ಅಂದರು. ಇದು ನನಗೆ ವಿಚಿತ್ರ ಅನಿಸಿತ್ತು, ಸಿಟ್ಟಿದ್ದರೂ ಬೇಡ ಅಂದರಲ್ಲ ಅಂತ. ಅವರಿಗೆ ಬರ್ನ್‌ನಲ್ಲಿ ಕೂತ ಕೇಂದ್ರ ಸರ್ಕಾರದ ಮೇಲೆ ಇನ್ನೂ ಜಾಸ್ತಿ ಅನುಮಾನ ಇತ್ತು. ಏಳು ವರ್ಷ ಕಳೆದು, 1898ರ ಫೆಬ್ರವರಿ 20ರಂದು ಮತ್ತೆ ಕೇಳಿದರು. ಸ್ವಿಸ್ ರೈಲು ಸ್ವಿಸ್ ಜನರಿಗೆ ಅನ್ನುವುದೇ ಆಗಿನ ಘೋಷಣೆ. ಈ ಸಲ ಮೂರರಲ್ಲಿ ಎರಡು ಪಾಲು ಮತ ಹೌದು ಅಂತ ಬಿತ್ತು. 1902ರ ಜನವರಿ 1ರಿಂದ ಎಸ್‌ಬಿಬಿ. ಕಂಪನಿಗಳನ್ನು ಒಂದೊಂದಾಗಿ ಕೊಂಡರು, ಕೊನೆಗೆ 1909ರಲ್ಲಿ ಗೊಟ್ಹಾರ್ಡ್ ಕಂಪನಿಯೂ ಬಂತು. 1906ರಲ್ಲಿ ಸಿಂಪ್ಲನ್ ಸುರಂಗ ತೆರೆಯಿತು. ಸುಮಾರು 20 ಕಿಲೋಮೀಟರ್, ಆಗ ಜಗತ್ತಿನಲ್ಲೇ ಉದ್ದದ ರೈಲು ಸುರಂಗ, ಮುಂದಿನ ಏಳು ದಶಕದ ಮೇಲೂ ಆ ದಾಖಲೆ ಮುರಿಯಲಿಲ್ಲ.

ಈಗ ನನಗೆ ಇಷ್ಟವಾದ ಭಾಗ: ವಿದ್ಯುತ್.

ಈ ದೇಶದಲ್ಲಿ ಕಲ್ಲಿದ್ದಲು ಇಲ್ಲವೇ ಇಲ್ಲ ಅನ್ನಬಹುದು. ಬಹುಪಾಲು ಜರ್ಮನಿಯಿಂದ ಬರಬೇಕು. ಮೊದಲ ಮಹಾಯುದ್ಧದಲ್ಲಿ ಅದು ನಿಂತುಹೋಗುವ ಹಾಗಾಯಿತು. ಬೆಲೆ ಗಗನಕ್ಕೆ, ರೈಲುಗಳ ಓಡಾಟಕ್ಕೆ ಕತ್ತರಿ. ಇತ್ತ ಬೆಟ್ಟದಿಂದ ನೀರು ಸುಮ್ನೆ ಧುಮುಕುತ್ತಿದೆ. ಹಾಗಾಗಿ ಎಸ್‌ಬಿಬಿ ರಿಟೊಮ್, ಆಮ್ಸ್ಟೆಗ್ ಅನ್ನುವ ಕಡೆ ತನ್ನದೇ ಜಲವಿದ್ಯುತ್ ಕೇಂದ್ರ ಕಟ್ಟಿತು. 1922ರ ಹೊತ್ತಿಗೆ ಗೊಟ್ಹಾರ್ಡ್ ಹಳಿ ಪೂರ್ತಿ ವಿದ್ಯುತ್. ಅಲ್ಲಿ ಸಾಮಾನು ಗಾಡಿ ಎಳೆಯಲು ಬಂದದ್ದೇ ಹೆಸರುವಾಸಿ 'ಮೊಸಳೆ' ಇಂಜಿನ್. ಮುಂದೆ ಒಂದು ಉದ್ದ ಮೂತಿ, ಹಿಂದೆ ಒಂದು ಉದ್ದ ಮೂತಿ, ನಡುವೆ ಚಾಲಕನ ಕೋಣೆ, ತಿರುವಿನಲ್ಲಿ ಮೂತಿಗಳು ಬೇರೆ ಬೇರೆಯಾಗಿ ತಿರುಗುತ್ತವೆ. ಹಳೆಯ ಗೊಟ್ಹಾರ್ಡ್ ಹಳಿಯ ಏರು ಮೀಟರಿಗೆ 26 ಮಿಲಿಮೀಟರ್, ಅಂದರೆ ಸುಮಾರು 38ಕ್ಕೆ 1. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯದು 50ಕ್ಕೆ 1. ಆ ಘಾಟಿಯಲ್ಲಿ ಗೂಡ್ಸ್ ಗಾಡಿಗೆ ಹಿಂದೆ ಮುಂದೆ ಎಷ್ಟು ಇಂಜಿನ್ ಕಟ್ಟುತ್ತಾರೆ ಅಂತ ನೋಡಿದವರಿಗೆ 38ಕ್ಕೆ 1 ಏನು ಅಂತ ತಕ್ಷಣ ಗೊತ್ತಾಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ಇನ್ನೂ ಒಂದು ತಮಾಷೆ ನಡೆಯಿತು. ಕಲ್ಲಿದ್ದಲು ಮತ್ತೆ ಸಿಗುತ್ತಿಲ್ಲ, ವಿದ್ಯುತ್ ಮಾತ್ರ ಬೇಕಾದಷ್ಟಿದೆ, ಶಂಟಿಂಗ್ ಮಾಡುವ ಸಣ್ಣ ಉಗಿ ಇಂಜಿನ್‌ಗಳು ಖಾಲಿ ನಿಂತಿವೆ. ಏನು ಮಾಡಿದರು ಅಂದರೆ ಎರಡು ಉಗಿ ಇಂಜಿನ್‌ಗಳ ತಲೆ ಮೇಲೆ ವಿದ್ಯುತ್ ತಂತಿ ಮುಟ್ಟುವ ಕೈ ಕೂರಿಸಿ, ಆ ವಿದ್ಯುತ್ತಿನಲ್ಲಿ ಬಾಯ್ಲರ್ ನೀರು ಕಾಯಿಸಿ ಉಗಿ ಮಾಡಿದರು. ನಮ್ಮ ಬಚ್ಚಲುಮನೆ ಬಕೆಟ್‌ಗೆ ಹಾಕುವ ಹೀಟರ್ ಕಾಯಿಲ್ ಇದೆಯಲ್ಲ, ಅದೇ ಕಥೆ. ಇಂಜಿನಿಯರಿಂಗ್ ದೃಷ್ಟಿಯಿಂದ ಅಸಂಬದ್ಧ, ಆದರೆ ಕೆಲಸ ನಡೆಯಿತು. ಅದೇ ಯುದ್ಧದ ಇನ್ನೊಂದು ಮುಖ ಅಷ್ಟು ತಮಾಷೆಯದಲ್ಲ. ತಟಸ್ಥ ದೇಶದ ಗೊಟ್ಹಾರ್ಡ್ ಹಳಿಯ ಮೇಲೆ ನಾಜಿ ಜರ್ಮನಿಯ ಕಲ್ಲಿದ್ದಲು ಮುಸೊಲಿನಿಯ ಇಟಲಿಗೆ ಗಾಡಿಗಟ್ಟಲೆ ಹೋಗುತ್ತಿತ್ತು. ಇದರ ಬಗ್ಗೆ ಇಲ್ಲಿ ಬಹಳ ತಡವಾಗಿ, 1990ರ ದಶಕದ ಕೊನೆಗೆ ಅಧಿಕೃತ ತನಿಖೆ ಆಯಿತು.

ಎಸ್‌ಬಿಬಿ ವಿದ್ಯುತ್ತಿನ ಲೆಕ್ಕವೇ ಬೇರೆ. 15 ಕಿಲೋವೋಲ್ಟ್, 16.7 ಹರ್ಟ್ಸ್. ಮನೆಗೆ ಬರುವುದು 50 ಹರ್ಟ್ಸ್, ಅದರ ಮೂರನೇ ಒಂದು ಪಾಲು. ನೂರು ವರ್ಷದ ಹಿಂದಿನ ಮೋಟಾರುಗಳು 50 ಹರ್ಟ್ಸ್‌ನಲ್ಲಿ ಕಿಡಿ ಕಾರಿ ಸುಟ್ಟುಹೋಗುತ್ತಿದ್ದವು, ಅದಕ್ಕೆ ಇಳಿಸಿಕೊಂಡರು. ಮೋಟಾರು ಬದಲಾದರೂ ಆ ಸಂಖ್ಯೆ ಉಳಿದುಬಿಟ್ಟಿತು. ಹಾಗಾಗಿ ರೈಲ್ವೆಗೆ ತನ್ನದೇ ವಿದ್ಯುತ್ ಕೇಂದ್ರ, ತನ್ನದೇ ಕಂಬ, ತನ್ನದೇ ತಂತಿ. ಇದು ಹೆಮ್ಮೆಯ ವಿಷಯ, ಅಪಾಯವೂ ಹೌದು. 2005ರ ಜೂನ್ 22ರ ಸಂಜೆ, ಜನ ಕೆಲಸ ಬಿಟ್ಟು ಮನೆಗೆ ಹೊರಟ ಹೊತ್ತು, ಮಧ್ಯ ಸ್ವಿಟ್ಜರ್‌ಲೆಂಡ್‌ನಲ್ಲಿ ಕಾಮಗಾರಿಗಾಗಿ ಕೆಲವು ಸಾಗಣೆ ತಂತಿ ಬಂದ್ ಮಾಡಿದ್ದರು. ಉಳಿದದ್ದಕ್ಕೆ ಭಾರ ಜಾಸ್ತಿಯಾಗಿ ಅದೂ ಕಡಿಯಿತು. ದಕ್ಷಿಣದಲ್ಲಿ ವಿದ್ಯುತ್ ಉಕ್ಕುತ್ತಿದೆ, ಉತ್ತರಕ್ಕೆ ಬರುವ ದಾರಿ ಇಲ್ಲ. ಇಡೀ ದೇಶದ ಎಸ್‌ಬಿಬಿ ಗಾಡಿಗಳು ನಿಂತಲ್ಲೇ ನಿಂತವು. ಎರಡು ಲಕ್ಷ ಜನ ದಾರಿಯಲ್ಲಿ. ಹಳಬರು ಇವತ್ತಿಗೂ ಆ ಸಂಜೆ ತಾವು ಎಲ್ಲಿ ಸಿಕ್ಕಿಕೊಂಡಿದ್ದೆವು ಅಂತ ಹೇಳುತ್ತಾರೆ.

ನಿಲ್ದಾಣದ ಗಡಿಯಾರದ ಬಗ್ಗೆ ಒಂದು ಮಾತು ಹೇಳದೆ ಬಿಟ್ಟರೆ ಬಂದವರು ಬಿಡುವುದಿಲ್ಲ. 1944ರಲ್ಲಿ ಹಾನ್ಸ್ ಹಿಲ್ಫಿಕರ್ ಅನ್ನುವ ಎಸ್‌ಬಿಬಿ ಇಂಜಿನಿಯರ್ ವಿನ್ಯಾಸ ಮಾಡಿದ್ದು. ಕೆಂಪು ಸೆಕೆಂಡ್ ಮುಳ್ಳು ಆಮೇಲೆ ಸೇರಿಸಿದ್ದು, ಅದರ ಆಕಾರ ಸ್ಟೇಷನ್ ಮಾಸ್ಟರ್ ಗಾಡಿ ಬಿಡುವಾಗ ಎತ್ತುವ ದುಂಡು ಫಲಕದ್ದು. ಆ ಮುಳ್ಳು ಸುಮಾರು 58.5 ಸೆಕೆಂಡಿನಲ್ಲಿ ಸುತ್ತು ಮುಗಿಸಿ ಮೇಲೆ ಬಂದು ಕಾಯುತ್ತದೆ. ಕೇಂದ್ರದ ಗಡಿಯಾರದಿಂದ ಸಂಕೇತ ಬಂದ ಮೇಲೆ ನಿಮಿಷದ ಮುಳ್ಳು ಜಿಗಿಯುತ್ತದೆ, ಇದೂ ಹೊರಡುತ್ತದೆ. ಎಲ್ಲ ನಿಲ್ದಾಣದ ಗಡಿಯಾರಗಳನ್ನೂ ಅಗ್ಗದಲ್ಲಿ ಒಂದೇ ಸಮಯಕ್ಕೆ ಹೊಂದಿಸುವ ಉಪಾಯ ಅಷ್ಟೇ. 2012ರಲ್ಲಿ ಆಪಲ್ ಕಂಪನಿ ಕೇಳದೆ ಇದರ ರೂಪ ಬಳಸಿ, ಆಮೇಲೆ ಎಸ್‌ಬಿಬಿಗೆ ದುಡ್ಡು ಕೊಟ್ಟು ಪರವಾನಗಿ ತೆಗೆದುಕೊಳ್ಳಬೇಕಾಯಿತು.

ಗಡಿಯಾರ ಎಷ್ಟೇ ಚೆನ್ನಾಗಿದ್ದರೂ ಅದರಿಂದ ರೈಲು ಸರಿಯಾಗಿ ಬರುವುದಿಲ್ಲ. ಅಸಲಿ ಕೆಲಸ ಆದದ್ದು 1970ರ ದಶಕದಲ್ಲಿ.

ಆಗ ಎಲ್ಲರ ಹತ್ತಿರ ಕಾರು ಬಂದಿತ್ತು, ಹೆದ್ದಾರಿ ಬಂದಿತ್ತು, ಎಸ್‌ಬಿಬಿ ನಷ್ಟದ ಕಡೆ ಜಾರುತ್ತಿತ್ತು. ಬೇರೆ ದೇಶಗಳಲ್ಲಿ ಅಂಥ ಹೊತ್ತಲ್ಲಿ ಹಳಿ ಕಿತ್ತರು, ಗಾಡಿ ಕಡಿಮೆ ಮಾಡಿದರು. ಇಲ್ಲಿ ಒಂದಷ್ಟು ಯುವ ರೈಲ್ವೆ ಇಂಜಿನಿಯರ್‌ಗಳು ಕೆಲಸದ ಹೊತ್ತು ಮುಗಿದ ಮೇಲೆ ಸೇರಿ ಮಾತಾಡುತ್ತಿದ್ದರು. ತಮ್ಮನ್ನು ತಾವೇ ತಲೆಕೆಟ್ಟವರ ಕ್ಲಬ್ ಅಂತ ಕರೆದುಕೊಂಡಿದ್ದರು. ಸಾಮುವೆಲ್ ಸ್ಟೇಲಿ ಅವರಲ್ಲಿ ಮುಖ್ಯ. 1972ರಲ್ಲಿ ಅವರ ಗುಂಪು ಒಂದು ವರದಿ ಕೊಟ್ಟಿತು: ದೇಶದ ಎಲ್ಲ ಮುಖ್ಯ ಮಾರ್ಗದಲ್ಲೂ ಗಂಟೆಗೊಂದು ಗಾಡಿ, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ. ಬೆಳಗ್ಗೆ 8.02ಕ್ಕೆ ಇದ್ದರೆ 9.02ಕ್ಕೂ, 14.02ಕ್ಕೂ, 21.02ಕ್ಕೂ. ನೆದರ್‌ಲೆಂಡ್ಸ್‌ನಲ್ಲಿ ಇಂಥದ್ದು ಆಗಲೇ ಶುರುವಾಗಿತ್ತು. ಹಿರಿಯ ಅಧಿಕಾರಿಗಳಿಗೆ ಇದು ಹುಚ್ಚಾಟ ಅನಿಸಿತು. ಮಧ್ಯಾಹ್ನ ಎರಡಕ್ಕೆ ಯಾರು ಹೋಗುತ್ತಾರೆ, ಖಾಲಿ ಗಾಡಿ ಯಾಕೆ ಓಡಿಸಬೇಕು? ಆದರೆ ಗಾಡಿ ಇದ್ದೇ ಇರುತ್ತದೆ ಅಂತ ಖಾತ್ರಿಯಾದರೆ ಮಾತ್ರ ಜನ ಕಾರು ಮನೆಯಲ್ಲಿ ಬಿಡುತ್ತಾರೆ, ವೇಳಾಪಟ್ಟಿ ನೋಡಲೇಬೇಕು ಅನ್ನುವ ಗೋಳು ತಪ್ಪಬೇಕು ಅನ್ನುವುದು ಇವರ ವಾದ. ಹತ್ತು ವರ್ಷ ಹಿಡಿಯಿತು. 1982ರ ಮೇ 23ರಂದು ಇಡೀ ದೇಶದಲ್ಲಿ ಒಂದೇ ದಿನ ಅದು ಜಾರಿಗೆ ಬಂತು.

ಅದಾದ ಮೇಲೆ ಬಂದದ್ದು ಇನ್ನೂ ಜಾಣತನದ್ದು, ರೈಲು 2000 ಅನ್ನುವ ಯೋಜನೆ. ಮೊದಲಿಗೆ ಫ್ರಾನ್ಸ್ ಥರ ನಾವೂ ವೇಗದ ರೈಲು ಕಟ್ಟೋಣ ಅನ್ನುವ ಮಾತಿತ್ತು. ಸಣ್ಣ ದೇಶ, ಪ್ರತಿ ಅರ್ಧ ಗಂಟೆಗೆ ಒಂದು ದೊಡ್ಡ ಊರು, 300 ಕಿಲೋಮೀಟರ್ ವೇಗ ಹಿಡಿಯುವುದರೊಳಗೆ ಬ್ರೇಕ್ ಹಾಕಬೇಕು. ಜೊತೆಗೆ ನಡುವಿನ ಊರಿನವರು ನಮಗೇನು ಸಿಗುತ್ತೆ ಅಂತ ಎದ್ದು ನಿಂತರು. ಆಗ ಇವರು ಪ್ರಶ್ನೆಯನ್ನೇ ಬದಲಾಯಿಸಿದರು. ಎಷ್ಟು ವೇಗವಾಗಿ ಹೋಗಬಹುದು ಅನ್ನುವುದನ್ನು ಬಿಟ್ಟು, ಎಷ್ಟು ವೇಗ ಸಾಕು ಅಂತ ಕೇಳಿದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ಗುಟ್ಟು ಇಲ್ಲೇ ಇದೆ. ಜ್ಯೂರಿಕ್, ಬರ್ನ್, ಬಾಸೆಲ್ ಥರದ ದೊಡ್ಡ ಜಂಕ್ಷನ್‌ಗಳಲ್ಲಿ ಎಲ್ಲ ದಿಕ್ಕಿನ ಗಾಡಿಗಳೂ ಗಂಟೆ ಹೊಡೆಯುವುದಕ್ಕೆ ಕೆಲವು ನಿಮಿಷ ಮೊದಲು ಬಂದು ಸೇರಬೇಕು. ಜನ ಪ್ಲಾಟ್‌ಫಾರ್ಮ್ ಬದಲಾಯಿಸಬೇಕು. ಗಂಟೆ ಹೊಡೆದ ಕೆಲವು ನಿಮಿಷಕ್ಕೆ ಎಲ್ಲವೂ ಹೊರಡಬೇಕು. ಅರ್ಧ ಗಂಟೆಗೆ ಮತ್ತೆ ಇದೇ ಆಟ. ಇದು ಎಲ್ಲ ಜಂಕ್ಷನ್‌ನಲ್ಲೂ ನಡೆಯಬೇಕಾದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ಹೊತ್ತು ಒಂದು ಗಂಟೆಗಿಂತ ಸ್ವಲ್ಪ ಕಡಿಮೆ ಇರಬೇಕು, ಇಲ್ಲ ಅರ್ಧ ಗಂಟೆಗಿಂತ ಸ್ವಲ್ಪ ಕಡಿಮೆ. ಜ್ಯೂರಿಕ್–ಬಾಸೆಲ್ ಒಂದು ಗಂಟೆಯೊಳಗೆ ಆಗುತ್ತಿತ್ತು, ಬಾಸೆಲ್–ಬರ್ನ್ ಕೂಡ ಹೊಂದಿಸಬಹುದಿತ್ತು. ಜ್ಯೂರಿಕ್–ಬರ್ನ್ ಮಾತ್ರ 70 ನಿಮಿಷದ ಆಸುಪಾಸು. ಈ 70 ನಿಮಿಷ ಬಲು ಕೆಟ್ಟದ್ದು. ಗಂಟೆ ತಪ್ಪಿಸಿಕೊಂಡು ಹತ್ತು ನಿಮಿಷ ತಡವಾಗಿ ಬಂದರೆ ಎಲ್ಲ ಜೋಡಣೆ ಹೋಯಿತು. 40 ನಿಮಿಷಕ್ಕೆ ಇಳಿಸಿದರೂ ಉಪಯೋಗವಿಲ್ಲ, ಬಂದು ಸುಮ್ನೆ ಕಾಯಬೇಕು. ಬೇಕಾದ್ದು 60ಕ್ಕಿಂತ ಸ್ವಲ್ಪ ಕಡಿಮೆ. ಹಾಗಾಗಿ ಮಾಟ್‌ಸ್ಟೆಟನ್–ರೊಟ್ರಿಸ್ಟ್ ನಡುವೆ 45 ಕಿಲೋಮೀಟರ್ ಹೊಸ ಹಳಿ ಹಾಕಿದರು, ಗಂಟೆಗೆ 200 ಕಿಲೋಮೀಟರ್ ವೇಗಕ್ಕೆ. ಅದಕ್ಕಿಂತ ವೇಗ ಬೇಕಿರಲಿಲ್ಲ. 1987ರ ಡಿಸೆಂಬರ್‌ನಲ್ಲಿ ಜನಮತ ಕೇಳಿದರು, ನೂರಕ್ಕೆ 57 ಜನ ಹೌದು ಅಂದರು. 2004ರ ಡಿಸೆಂಬರ್ 12ರಂದು ಹೊಸ ಹಳಿ ತೆರೆಯಿತು. ಜ್ಯೂರಿಕ್–ಬರ್ನ್ ಈಗ 56 ನಿಮಿಷ.

ನೋಡಿ, ನಮ್ಮಲ್ಲಿ (ನಮ್ಮಲ್ಲಿ ಮಾತ್ರ ಅಲ್ಲ, ಎಲ್ಲ ಕಡೆಯೂ) ಮೊದಲು ಹಳಿ ಹಾಕುತ್ತಾರೆ, ಮಂತ್ರಿ ಬಂದು ಬಾವುಟ ತೋರಿಸುತ್ತಾರೆ, ಆಮೇಲೆ ಯಾವ ಗಾಡಿ ಎಷ್ಟು ಹೊತ್ತಿಗೆ ಅಂತ ಯೋಚನೆ. ಇಲ್ಲಿ ಇಪ್ಪತ್ತು ವರ್ಷ ಮುಂದಿನ ವೇಳಾಪಟ್ಟಿಯನ್ನು ಮೊದಲು ಬರೆದು, ಅದು ನಡೆಯಬೇಕಾದರೆ ಎಲ್ಲಿ ಎಷ್ಟು ನಿಮಿಷ ಕಡಿಮೆ ಆಗಬೇಕು ಅಂತ ನೋಡಿ, ಅಷ್ಟಕ್ಕೆ ಮಾತ್ರ ಸುರಂಗ ತೋಡುತ್ತಾರೆ. ಹಳದಿ ಬಣ್ಣದ ಅಂಚೆ ಬಸ್ಸು ಕೂಡ ಇದೇ ಲೆಕ್ಕಕ್ಕೆ ಕಟ್ಟುಬಿದ್ದಿದೆ. ನೂರು ಜನ ವಾಸವಿರುವ ಊರಿಗೂ ಸಾರ್ವಜನಿಕ ಸಾರಿಗೆ ಕೊಡಬೇಕು ಅನ್ನುವುದು ಸರ್ಕಾರಿ ನಿಯಮ. ಗಾಡಿ ಇಳಿದರೆ ಬಸ್ಸು ನಿಂತಿರುತ್ತದೆ. ಅದರ ಚಾಲಕ ಮಹಾ ಶಿಸ್ತಿನವನು ಇರಬಹುದು, ಇಲ್ಲದಿರಬಹುದು. ಅವನ ಹೊರಡುವ ನಿಮಿಷವನ್ನು ಜ್ಯೂರಿಕ್‌ನ ಗಂಟೆ ಲೆಕ್ಕ ಇಟ್ಟುಕೊಂಡೇ ಬರೆದಿರುತ್ತಾರೆ.

ಇನ್ನೊಂದು, ಪಟ್ಟಿಯಲ್ಲಿ ಬೇಕಂತಲೇ ಸ್ವಲ್ಪ ಸಡಿಲ ಬಿಟ್ಟಿರುತ್ತಾರೆ. ಗಾಡಿ ತನ್ನ ಪೂರ್ತಿ ಕಸುವಿನಲ್ಲಿ ಓಡುವುದಿಲ್ಲ. ಒಂದೆರಡು ನಿಮಿಷ ತಡವಾದರೆ ಓಡಿ ಸರಿಮಾಡಿಕೊಳ್ಳಲಿ ಅಂತ. ಮೂರು ನಿಮಿಷದೊಳಗೆ ಬಂದರೆ ಮಾತ್ರ ಎಸ್‌ಬಿಬಿ ಅದನ್ನು ಸಮಯಕ್ಕೆ ಬಂದ ಗಾಡಿ ಅನ್ನುತ್ತದೆ, ಆ ಲೆಕ್ಕದಲ್ಲಿ 2023, 2024ರಲ್ಲಿ ನೂರಕ್ಕೆ 92–93. ಪಕ್ಕದ ಜರ್ಮನಿಯಲ್ಲಿ ಆರು ನಿಮಿಷದವರೆಗೆ ಮಾಫಿ ಇದ್ದರೂ 2024ರಲ್ಲಿ ದೂರದ ಗಾಡಿಗಳು ನೂರಕ್ಕೆ 62ರ ಹತ್ತಿರ ಮಾತ್ರ. ಅದಕ್ಕೇ ಜರ್ಮನಿಯಿಂದ ತಡವಾಗಿ ಬಂದ ಗಾಡಿಯನ್ನು ಎಸ್‌ಬಿಬಿ ಎಷ್ಟೋ ಸಲ ಬಾಸೆಲ್‌ನಲ್ಲೇ ನಿಲ್ಲಿಸಿ, ಅಲ್ಲಿಂದ ಮುಂದಕ್ಕೆ ತನ್ನ ಗಾಡಿ ಬಿಡುತ್ತದೆ. ಇಳಿದು ಹತ್ತುವವರಿಗೆ ಕಷ್ಟ. ಆದರೆ ಒಂದು ಗಾಡಿಯ ತಡ ಹತ್ತು ಜಂಕ್ಷನ್‌ಗೆ ಹರಡುವುದಕ್ಕಿಂತ ಇದು ಮೇಲು ಅನ್ನುವುದು ಇವರ ಲೆಕ್ಕ. ನನಗೂ ಸರಿ ಅನಿಸುತ್ತದೆ, ಆ ಗಾಡಿಯಲ್ಲಿ ನಾನಿಲ್ಲದಿದ್ದಾಗ.

ಈ ಹಳಿಗಾಗಿ ಮಾಡುವ ಕಸರತ್ತು ನೋಡಬೇಕು. 2012ರಲ್ಲಿ ಜ್ಯೂರಿಕ್‌ನ ಓರ್ಲಿಕಾನ್‌ನಲ್ಲಿ ಹೊಸ ಹಳಿಗೆ ಒಂದು ಹಳೇ ಕಟ್ಟಡ ಅಡ್ಡ ಬಂತು. ಇಟ್ಟಿಗೆಯ ಕಟ್ಟಡ, 80 ಮೀಟರ್ ಉದ್ದ, 6,200 ಟನ್ ತೂಕ. ಜನ ಕೆಡವಬೇಡಿ ಅಂದರು. ಸರಿ ಅಂತ ಅಡಿಯಲ್ಲಿ ಹಳಿ ಹಾಕಿ ಇಡೀ ಕಟ್ಟಡವನ್ನೇ 60 ಮೀಟರ್ ಪಕ್ಕಕ್ಕೆ ತಳ್ಳಿದರು. ಎರಡು ವರ್ಷದಲ್ಲಿ ಜ್ಯೂರಿಕ್ ಮುಖ್ಯ ನಿಲ್ದಾಣದ ಅಡಿಯಲ್ಲಿ ನಾಲ್ಕು ಹೊಸ ಹಳಿಯ ನೆಲದಡಿ ನಿಲ್ದಾಣವೂ ಸಿದ್ಧವಾಯಿತು. ಮೇಲಿನ ಮುಖ್ಯ ನಿಲ್ದಾಣ ತುದಿ ನಿಲ್ದಾಣ, ಅಲ್ಲಿಗೆ ಬಂದ ಗಾಡಿ ದಿಕ್ಕು ಬದಲಾಯಿಸಿ ವಾಪಸ್ ಹೊರಡಬೇಕಿತ್ತು. ಈಗ ಎಷ್ಟೋ ಗಾಡಿ ಕೆಳಗಿನಿಂದ ನೇರ ದಾಟಿಹೋಗುತ್ತವೆ.

ಗೊಟ್ಹಾರ್ಡ್ ಹೊಸ ಸುರಂಗದ ಬಗ್ಗೆ ನೀವು ಕೇಳಿಯೇ ಇರುತ್ತೀರಿ. 57 ಕಿಲೋಮೀಟರ್, ಜಗತ್ತಿನಲ್ಲೇ ಉದ್ದದ ರೈಲು ಸುರಂಗ. 1992ರಲ್ಲಿ ಜನ ಮತ ಹಾಕಿದರು, 2016ರ ಜೂನ್ 1ರಂದು ಉದ್ಘಾಟನೆ. ಖರ್ಚು 1,200 ಕೋಟಿ ಫ್ರಾಂಕ್ ಮೇಲೆ. ಹಳೇ ಸುರಂಗ ಸಮುದ್ರಮಟ್ಟದಿಂದ 1,150 ಮೀಟರ್ ಎತ್ತರಕ್ಕೆ ಹತ್ತುತ್ತದೆ, ಹೊಸದು 549 ಮೀಟರ್ ದಾಟುವುದಿಲ್ಲ. ಅಂದರೆ ಆಲ್ಪ್ಸ್ ದಾಟುವ ಈ ಹಳಿ ಬೆಂಗಳೂರಿಗಿಂತ ಎಷ್ಟೋ ಕೆಳಗಿದೆ! ನೆತ್ತಿಯ ಮೇಲೆ ಕೆಲವು ಕಡೆ ಎರಡು ಕಿಲೋಮೀಟರ್‌ಗೂ ಹೆಚ್ಚು ಬಂಡೆ, ಕೊರೆಯುವಾಗ ಆ ಬಂಡೆಯ ಕಾವು 45 ಡಿಗ್ರಿ. ಉದ್ದೇಶ ಪ್ರವಾಸಿಗರಲ್ಲ, ಲಾರಿಗಳು. ಇಟಲಿ–ಜರ್ಮನಿ ನಡುವೆ ಹಳ್ಳಿಗಳ ಮೂಗಿನ ಕೆಳಗೆ ಹೊಗೆ ಬಿಟ್ಟುಕೊಂಡು ಹೋಗುವ ಲಾರಿಗಳ ಸರಕನ್ನು ರೈಲಿಗೆ ಹತ್ತಿಸಬೇಕು ಅಂತ 1994ರಲ್ಲಿ ಜನ ಸಂವಿಧಾನಕ್ಕೇ ಬರೆಸಿಬಿಟ್ಟರು. 2001ರಿಂದ ಭಾರೀ ಲಾರಿಗಳಿಗೆ ಹಾಕಿದ ತೆರಿಗೆಯಿಂದ ಸುರಂಗಕ್ಕೆ ದೊಡ್ಡ ಪಾಲು ದುಡ್ಡು ಬಂತು. 2023ರ ಆಗಸ್ಟ್‌ನಲ್ಲಿ ಅದೇ ಸುರಂಗದೊಳಗೆ ಸರಕು ಗಾಡಿಯ ಚಕ್ರ ಒಡೆದು ಹಳಿ ತಪ್ಪಿತು. ಏಳು ಕಿಲೋಮೀಟರ್ ಹಳಿ ಹಾಳು. ಪೂರ್ತಿ ಸರಿಯಾಗಲು 2024ರ ಸೆಪ್ಟೆಂಬರ್ ಆಯಿತು.

ಎಲ್ಲ ಸರಿ ಇದೆ ಅಂತ ಹೇಳುತ್ತಿಲ್ಲ. ಬರ್ನ್–ಲೋಸಾನ್ ನಡುವೆ ಹೊಸ ಹಳಿ ಬೇಡ, ತಿರುವಿನಲ್ಲಿ ವಾಲಿ ವೇಗವಾಗಿ ಹೋಗುವ ಡಬಲ್ ಡೆಕ್ಕರ್ ಗಾಡಿ ಕೊಂಡರೆ ಕೆಲವು ನಿಮಿಷ ಉಳಿಯುತ್ತದೆ ಅಂತ 2010ರಲ್ಲಿ ಆರ್ಡರ್ ಕೊಟ್ಟರು. ಗಾಡಿ ಬಂದದ್ದು 2018ರಲ್ಲಿ, ವರ್ಷಗಟ್ಟಲೆ ತಡವಾಗಿ. ಬಂದ ಮೇಲೆ ಅದು ಕುಲುಕುವುದನ್ನು ನೋಡಿ ಪತ್ರಿಕೆಗಳು ಅಡ್ಡಹೆಸರಿಟ್ಟವು. ಕೊನೆಗೆ 2022ರಲ್ಲಿ ಆ ವಾಲುವ ಯೋಚನೆಯನ್ನೇ ಕೈಬಿಟ್ಟರು. ನಿಮಿಷ ಉಳಿಯಲಿಲ್ಲ. ಫ್ರೆಂಚ್ ಮಾತಾಡುವ ಪಶ್ಚಿಮ ಭಾಗದಲ್ಲಿ 2024ರ ಡಿಸೆಂಬರ್‌ನಿಂದ ಪ್ರಯಾಣದ ಹೊತ್ತನ್ನೇ ಜಾಸ್ತಿ ಮಾಡಿದ್ದಾರೆ, ಕಾಮಗಾರಿ ನಡುವೆಯೂ ಹೇಳಿದ ಹೊತ್ತಿಗೆ ಬರಲಿ ಅಂತ. ಅದೇ ವರ್ಷ ಮುಂದಿನ ಯೋಜನೆಗಳ ಲೆಕ್ಕ ತೆಗೆದರೆ ಸುಮಾರು 1,400 ಕೋಟಿ ಫ್ರಾಂಕ್ ಜಾಸ್ತಿ ಬೇಕು ಅಂತ ಗೊತ್ತಾಯಿತು. ಪ್ರತಿ ಕಣಿವೆಯವರಿಗೂ ತಮ್ಮ ಊರಿನ ಸುರಂಗವೇ ಮೊದಲು ಬೇಕು. ಅಲ್ಲಿ ಮಾತ್ರ ನಮಗೂ ಇವರಿಗೂ ಏನೂ ವ್ಯತ್ಯಾಸವಿಲ್ಲ.

ಈ ನಡುವೆ ನಮ್ಮ ಕಡೆಗೂ ಒಂದು ಎಳೆ ಇದೆ. ಭಾರತದ ಡಬ್ಲ್ಯೂಎಪಿ-5, ಡಬ್ಲ್ಯೂಎಜಿ-9 ಇಂಜಿನ್‌ಗಳ ಮೂಲ ವಿನ್ಯಾಸ ಎಬಿಬಿ ಕಂಪನಿಯದು. 1990ರ ದಶಕದಲ್ಲಿ ಮೊದಲ ಕೆಲವು ಇಲ್ಲಿಂದ ಹೋದವು, ಆಮೇಲೆ ಚಿತ್ತರಂಜನ್‌ನಲ್ಲೇ ಮಾಡಲು ಶುರುಮಾಡಿದರು. ಡಬ್ಲ್ಯೂಎಪಿ-5ರ ಮುಖ ಎಸ್‌ಬಿಬಿಯ ಆರ್‌ಇ 460 ಇಂಜಿನ್‌ನ ಪಕ್ಕ ಇಟ್ಟು ನೋಡಿ, ಅಣ್ಣ ತಮ್ಮ ಅಂತ ಗೊತ್ತಾಗುತ್ತದೆ. ಬೆಂಗಳೂರಿನಿಂದ ಹೊರಡುವ ಎಷ್ಟೋ ಗಾಡಿ ಎಳೆಯುವ ಡಬ್ಲ್ಯೂಎಪಿ-7 ಅದೇ ಡಬ್ಲ್ಯೂಎಜಿ-9ರಿಂದ ಹುಟ್ಟಿದ್ದು.

ಕೊನೆಗೆ ಬರುವವರಿಗೆ ಒಂದೆರಡು ಉಪಯೋಗದ ಮಾತು. ಟಿಕೆಟ್ ದುಬಾರಿ, ಅದನ್ನು ಮುಚ್ಚಿಡುವುದಿಲ್ಲ. ಇಲ್ಲಿಯವರು ಪೂರ್ತಿ ದರ ಕೊಡುವುದು ಕಡಿಮೆ. ಸುಮಾರು 30 ಲಕ್ಷ ಜನರ ಹತ್ತಿರ ಅರ್ಧ ದರದ ಕಾರ್ಡ್ ಇದೆ. ವರ್ಷಕ್ಕೆ ಒಂದು ಸಲ ದುಡ್ಡು ಕಟ್ಟಿದರೆ ಎಲ್ಲ ಟಿಕೆಟ್ ಅರ್ಧ ಬೆಲೆಗೆ. 1987ರಲ್ಲಿ ಅದನ್ನು 100 ಫ್ರಾಂಕ್‌ಗೆ ಇಳಿಸಿದ ಮೇಲೆ ಮನೆಮನೆಗೆ ಬಂತು. ಪ್ರವಾಸಿಗರಿಗೂ ಒಂದು ತಿಂಗಳ ಅರ್ಧ ದರದ ಕಾರ್ಡ್ ಸಿಗುತ್ತದೆ, ಎಲ್ಲರೂ ಕಣ್ಣುಮುಚ್ಚಿ ಕೊಳ್ಳುವ ದೊಡ್ಡ ಪಾಸ್‌ಗಿಂತ ಎಷ್ಟೋ ಸಲ ಅದೇ ಅಗ್ಗ. ಕೂತು ಲೆಕ್ಕ ಹಾಕಿ ನೋಡಿ. ಮತ್ತೆ ದಕ್ಷಿಣದ ಲುಗಾನೊ ಊರಿನ ಕಡೆ ಹೊರಟರೆ ಹೋಗುವಾಗ ಹೊಸ ಸುರಂಗದಲ್ಲಿ ಹೋಗಬೇಡಿ, ಇಪ್ಪತ್ತು ನಿಮಿಷ ಕತ್ತಲೆ ಬಿಟ್ಟು ಏನೂ ಕಾಣುವುದಿಲ್ಲ. ಟ್ರೆನೊ ಗೊಟ್ಟಾರ್ಡೊ ಅನ್ನುವ ಗಾಡಿ ಹಳೇ ಬೆಟ್ಟದ ದಾರಿಯಲ್ಲೇ ಹೋಗುತ್ತದೆ. ಜಾಸ್ತಿ ಹೊತ್ತು ಹಿಡಿಯುತ್ತದೆ, ಬೇರೆ ದುಡ್ಡು ಬೇಡ. ವಾಸೆನ್ ಅನ್ನುವ ಹಳ್ಳಿಯ ಬಿಳಿ ಚರ್ಚ್ ಮೊದಲು ನಿಮ್ಮ ತಲೆಗಿಂತ ಮೇಲೆ ಕಾಣುತ್ತದೆ. ಗಾಡಿ ಬೆಟ್ಟದೊಳಗೆ ಸುತ್ತು ಹಾಕಿ ಬಂದರೆ ಕಣ್ಣಿನ ಮಟ್ಟಕ್ಕೆ, ಇನ್ನೊಂದು ಸುತ್ತು ಹಾಕಿದರೆ ಕಾಲ ಕೆಳಗೆ. ಕಿಟಕಿ ಪಕ್ಕ ಕೂತಿರಿ, ಚರ್ಚ್ ಒಮ್ಮೆ ಈ ಕಡೆ ಬರುತ್ತದೆ, ಒಮ್ಮೆ ಆ ಕಡೆ, ಎದ್ದು ಓಡಾಡಬೇಕಾಗುತ್ತದೆ. ಯಾರೂ ಬೈಯುವುದಿಲ್ಲ, ಅಲ್ಲಿ ಎಲ್ಲರೂ ಅದನ್ನೇ ಮಾಡುತ್ತಿರುತ್ತಾರೆ.